ಮಗುವಿನ ಕೈಗೆ ಮನೆಯ ವಹಿ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗಳಿಗೆ ರಜೆ. ಕಲಬುರಗಿ ಜಿಲ್ಲೆಯ ಆಡಕಿ, ಸೇಡಂ, ಚಿತ್ತಾಪುರದ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ, ಹತ್ತು ಗಂಟೆಯ ಮೇಲೆ ಹುಡುಗರನ್ನು ಹೊರಗೆ ಬಿಡುವ ಹಾಗಿಲ್ಲ. ಸರಿಯಾಗಿ ಆಗಲೇ ಪತ್ರಿಕೆಗಳ ಪುರವಣಿಯಲ್ಲೂ ಮೊಬೈಲಿನಲ್ಲೂ ಸಲಹೆಗಳು ಬರತೊಡಗುತ್ತವೆ. ಕಾಗದದ ಲೋಟಕ್ಕೆ ದಾರ ಕಟ್ಟಿ ಟೆಲಿಫೋನ್ ಮಾಡಿಸಿ, ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಜ್ವಾಲಾಮುಖಿ ಉಕ್ಕಿಸಿ, ಅಕ್ಕಿಗೆ ಬಣ್ಣ ಹಾಕಿ ಅಕ್ಷರ ಜೋಡಿಸಿ. ಒಟ್ಟಿನಲ್ಲಿ ಮಗುವಿಗೆ ಮಜಾ ಬರಬೇಕು, ಆ ಮಜಾದ ನಡುವೆ ಪಾಠ ಗೊತ್ತೇ ಆಗದಂತೆ ಒಳಗಿಳಿಯಬೇಕು.

ಹೀಗೆ ಬರೆಯುವವರ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಬೆತ್ತ ಹಿಡಿದು ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಕಾಲದಿಂದ ನಾವು ಬಹಳ ದೂರ ಬಂದಿದ್ದೇವೆ, ಬಂದದ್ದು ಒಳ್ಳೆಯದೇ ಆಯಿತು. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಚಿಕ್ಕ ಮಗು ಹೆದರಿಕೆಯಿಲ್ಲದೆ ಕಲಿಯಬೇಕು ಎನ್ನುವುದನ್ನು ಈಗ ಯಾರೂ ವಾದ ಮಾಡಿ ಸಾಧಿಸಬೇಕಾಗಿಲ್ಲ. ನನ್ನ ತಕರಾರು ಮುಂದಿನ ಹೆಜ್ಜೆಯದು. ಹೆದರಿಕೆ ಇರಬಾರದು ಎಂಬ ಮಾತು ಯಾವಾಗಲೋ ಮಜಾ ಇರಲೇಬೇಕು ಎಂದಾಯಿತು. ಆ ಮಜಾವನ್ನು ಸಿದ್ಧಮಾಡಿ ಬಡಿಸುವ ಕೆಲಸ ತಾಯಿ-ತಂದೆಯರ ತಲೆಗೆ ಬಂತು.

ಆಡಕಿ ಹೋಬಳಿಯ ಒಬ್ಬ ತಾಯಿ ಜ್ವಾಲಾಮುಖಿ ಪ್ರಯೋಗದ ಬಗ್ಗೆ ಹೇಳಿದ್ದು ಹೀಗೆ: “ಸೋಡಾ, ವಿನೆಗರ್ ತರ್ಲಾಕ ರೊಕ್ಕ ಕೊಟ್ಟಿದ್ದೂ ನಾನೇ, ಆಮ್ಯಾಲ ನೆಲ ಒರ್ಸಿದ್ದೂ ನಾನೇರಿ. ಅಂವ ಎರಡ್ ಮಿನಿಟ್ ನೋಡಿ ಹೊಳ್ಳಿ ಮೊಬೈಲ್ ಹಿಡದ.” ಹುಡುಗ ಸೋಮಾರಿಯೇನಲ್ಲ. ನೊರೆ ಉಕ್ಕಿದರೂ ಉಕ್ಕದಿದ್ದರೂ ಆ ಮನೆಯಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂಬುದು ಅವನಿಗೆ ಗೊತ್ತು, ಅಷ್ಟೇ. ಎಂಟು ವರ್ಷದ ಮಗು ದೊಡ್ಡವರ ಹುಸಿ ಉತ್ಸಾಹವನ್ನು ಮುಖ ನೋಡಿಯೇ ಹಿಡಿಯುತ್ತದೆ. ಅದೇ ಹುಡುಗ ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಮುಂದೆ ನುಗ್ಗುತ್ತಾನೆ, ಮನೆಗೆ ಬಂದ ಬಡಗಿಯ ಟೇಪು ಹಿಡಿಯಲು ಕಾಯುತ್ತಾನೆ. ಅಲ್ಲಿ ತಪ್ಪಿದರೆ ನಷ್ಟವಿದೆ, ಗದರುವವರಿದ್ದಾರೆ. ಅದಕ್ಕೇ ಅವನಿಗೆ ಅಲ್ಲಿ ಇರಬೇಕೆನಿಸುತ್ತದೆ.

ಹಾಗಾಗಿ ಚಟುವಟಿಕೆಯನ್ನು ಆರಿಸುವಾಗ ‘ಮಗುವಿಗೆ ಖುಷಿಯಾಗುತ್ತದೆಯೇ’ ಎಂಬ ಪ್ರಶ್ನೆಗಿಂತ ‘ಫಲಿತಾಂಶ ಮನೆಯಲ್ಲಿ ಯಾರಿಗಾದರೂ ಬೇಕೇ’ ಎಂಬ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಮಾತು. ಯಾರಿಗೂ ಬೇಡದ್ದನ್ನು ಮಾಡಿಸುವುದಕ್ಕಿಂತ ಸುಮ್ಮನೆ ಆಡಲು ಬಿಡುವುದು ಮೇಲು.

ಆಟ ಎಂದಾಗ ಚೌಕಾಬಾರವನ್ನೇ ತೆಗೆದುಕೊಳ್ಳಿ. ಇದನ್ನು ಈಗ ‘ನಮ್ಮ ಪರಂಪರೆಯ ಕಲಿಕಾ ಆಟ’ ಎಂದು ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಈ ಭಾಗದಲ್ಲಿ ಡಬ್ಬಿ ಬೇಕಿಲ್ಲ. ಮನೆಯ ನೆಲವೇ ಶಹಾಬಾದ್ ಫರ್ಸಿ, ಬಳಪದಲ್ಲಿ ಐದಕ್ಕೆ ಐದು ಮನೆ ಗೀಚಿದರೆ ಹಲಗೆ ಸಿದ್ಧ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜವನ್ನು ಅದೇ ಫರ್ಸಿಯ ಮೇಲೆ ಒಂದು ಮಗ್ಗುಲು ಬೆಳ್ಳಗಾಗುವ ತನಕ ತಿಕ್ಕಬೇಕು. ಎಸೆದಾಗ ಒಂದು ಬಿಳಿ ಬಿದ್ದರೆ ಒಂದು, ಎರಡು ಬಿದ್ದರೆ ಎರಡು, ಮೂರಕ್ಕೆ ಮೂರು, ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು, ಅಂದರೆ ಬಾರ. ಹೊರಸುತ್ತಿನಲ್ಲಿ ಹದಿನಾರು ಮನೆ, ಒಳಸುತ್ತಿನಲ್ಲಿ ಎಂಟು, ನಡುವೆ ಒಂದು. ನಮ್ಮ ಮನೆಯಿಂದ ಹೊರಟ ಕಾಯಿ ನಡುಮನೆ ಸೇರಿ ಹಣ್ಣಾಗಲು ಇಪ್ಪತ್ತನಾಲ್ಕು ಹೆಜ್ಜೆ ನಡೆಯಬೇಕು.

ಎರಡು-ಮೂರನೇ ತರಗತಿಯ ಮಗುವಿಗೆ ಇಷ್ಟರಲ್ಲೇ ಸಾಕಷ್ಟು ಕೂಡಿಸುವ ಕಳೆಯುವ ಕೆಲಸವಿದೆ. ನನಗೆ ಇಷ್ಟವಾಗುವುದು ಅದರಾಚೆಯದು. ನಾಲ್ಕು ಬೀಜ, ಒಂದೊಂದಕ್ಕೆ ಎರಡು ಮಗ್ಗುಲು, ಬೀಳುವ ಬಗೆ ಒಟ್ಟು ಹದಿನಾರು. ಅದರಲ್ಲಿ ಎರಡು ಬೀಳುವ ಬಗೆ ಆರು, ಒಂದು ಬೀಳುವುದು ನಾಲ್ಕು, ಮೂರು ಬೀಳುವುದು ನಾಲ್ಕು. ಚೌಕ ಒಂದೇ ಬಗೆ, ಬಾರವೂ ಒಂದೇ ಬಗೆ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತರೆ ಹೊಡೆತ ತಿನ್ನುವ ಅಪಾಯ ಹೆಚ್ಚು, ನಾಲ್ಕು ಮನೆ ಮುಂದೆ ನಿಂತರೆ ತೀರ ಕಡಿಮೆ. ಆಟ ಬಲ್ಲ ಅಜ್ಜಿಯರಿಗೆ ಇದು ಬೆರಳ ತುದಿಯಲ್ಲಿರುತ್ತದೆ, ಹೇಳು ಎಂದರೆ ಹೇಳಲು ಬರುವುದಿಲ್ಲ. ಮೊಮ್ಮಗಳಿಗೆ ಒಂದು ಪಾಟಿ ಕೊಟ್ಟು, ಪ್ರತಿ ಎಸೆತಕ್ಕೆ ಒಂದು ಗೀಟು ಹಾಕಿಸಿ. ಒಂದು ಮಧ್ಯಾಹ್ನದ ಆಟ ಮುಗಿಯುವಷ್ಟರಲ್ಲಿ ಎರಡರ ಸಾಲು ಉದ್ದವಾಗುವುದು ಅವಳ ಕಣ್ಣಿಗೇ ಬೀಳುತ್ತದೆ. ಮನೆಯಲ್ಲಿ ತಿಕ್ಕಿದ ಬೀಜ ಎರಡೂ ಕಡೆ ಒಂದೇ ತೂಕ ಇರುವುದಿಲ್ಲ, ಆದ್ದರಿಂದ ಗೀಟುಗಳು ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ. ‘ಈ ಬೀಜ ಕಳ್ಳ ಐತಿ’ ಎಂದು ಮಗುವೇ ಕಂಡುಹಿಡಿದು ಬೇರೆ ಬೀಜ ಹುಡುಕಲು ಹೊರಟರೆ, ಹೈಸ್ಕೂಲಿನ ಸಂಭವನೀಯತೆಯ ಪಾಠದ ಅರ್ಧ ದಾರಿ ಮುಗಿದಂತೆ.

ಒಂದು ಷರತ್ತು. ದೊಡ್ಡವರು ಗೆಲ್ಲಲೆಂದೇ ಆಡಬೇಕು. ಮಗುವಿನ ಖುಷಿಗಾಗಿ ಸೋತುಕೊಡುವ ಅಪ್ಪ ಆ ಆಟವನ್ನು ಮತ್ತೆ ‘ಚಟುವಟಿಕೆ’ ಮಾಡಿಬಿಡುತ್ತಾನೆ.

ಜ್ವಾಲಾಮುಖಿಗೂ ಬದಲಿ ಕಾಲ ಕೆಳಗೇ ಇದೆ. ಶಹಾಬಾದ್ ಕಲ್ಲು ಸುಣ್ಣದಕಲ್ಲು. ಒಡೆದ ಫರ್ಸಿಯ ತುಂಡೊಂದನ್ನು ಕೆರೆದು ಪುಡಿ ಮಾಡಿ, ಅದರ ಮೇಲೆ ನಿಂಬೆರಸ ಹಿಂಡಿ, ಕಣ್ಣು ಹತ್ತಿರ ತಂದು ನೋಡಿದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. (ಒರೆಸಿ ಮಿರುಗಿಸಿದ ಪಡಸಾಲೆಯ ನೆಲದ ಮೇಲೆ ಈ ಪ್ರಯೋಗ ಬೇಡ, ಹೊಳಪು ಹೋಗಿ ಕಲೆ ಉಳಿಯುತ್ತದೆ, ಆಮೇಲೆ ಅವ್ವನ ಕೈಲಿ ಬೈಸಿಕೊಳ್ಳುವುದು ನೀವು.) ಚಿಂಚೋಳಿ ಕಡೆಯಿಂದ ಬಂದ ಕರಿಕಲ್ಲಿನ ಚೂರಿಗೋ ಕೆಂಪುಕಲ್ಲಿನ ಪುಡಿಗೋ ಅದೇ ರಸ ಹಾಕಿದರೆ ಗುಳ್ಳೆ ಬರುವುದಿಲ್ಲ. ಈಗ ಪ್ರಶ್ನೆ ಹುಟ್ಟುತ್ತದೆ, ಉತ್ತರ ಊರ ಸುತ್ತ ಹೊಗೆಗೊಳವೆಗಳಾಗಿ ನಿಂತಿದೆ. ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ ಕಾರ್ಖಾನೆಗಳು ಇಲ್ಲಿಗೆ ಬಂದದ್ದು ಈ ಕಲ್ಲಿಗಾಗಿ. ನಿಂಬೆರಸ ಹೊರಡಿಸುವ ಇಂಗಾಲದ ಡೈಆಕ್ಸೈಡ್ ಅನ್ನೇ ಕಾರ್ಖಾನೆಯ ಕುಲುಮೆ ಸುಮಾರು ಒಂಬೈನೂರು ಡಿಗ್ರಿಯ ಶಾಖದಲ್ಲಿ ಕಲ್ಲಿನಿಂದ ಬಿಡಿಸುತ್ತದೆ. ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರೆ ಸಂಜೆ ಅವರನ್ನು ಕೇಳಲು ಮಗುವಿನ ಬಳಿ ನಿಜವಾದ ಪ್ರಶ್ನೆಯೊಂದು ಇರುತ್ತದೆ. ಸೋಡಾ-ವಿನೆಗರ್ ನೊರೆ ಯಾವ ಊರಲ್ಲಾದರೂ ಒಂದೇ. ಈ ಗುಳ್ಳೆಯ ಹಿಂದೆ ಸಂಬಳವಿದೆ, ಧೂಳಿದೆ, ರೈಲು ವ್ಯಾಗನ್ನುಗಳಿವೆ.

ಇಲ್ಲಿಯ ತನಕ ಓದಿದವರಲ್ಲಿ ಕೆಲವರು ತಲೆದೂಗಿ, ‘ಹೌದು, ಬದುಕೇ ದೊಡ್ಡ ಪಾಠಶಾಲೆ, ಹೊಲ-ಮನೆ-ಸಂತೆಯಲ್ಲಿ ಬೆಳೆದ ಮಗುವಿಗೆ ಬೇರೆ ಕಲಿಸುವುದು ಬೇಡ’ ಎನ್ನಬಹುದು. ಅವರ ಜೊತೆಯೂ ನಾನು ಪೂರ್ತಿ ಹೋಗಲಾರೆ. ಕೇಳಲು ಹಿತವಾದ ಮಾತು, ಪುರಾವೆ ಮಾತ್ರ ಅದಕ್ಕೆ ವಿರುದ್ಧ.

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಲೆಕ್ಕವನ್ನು ಕೆಲವು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಎಳನೀರು, ಹಣ್ಣು ಮಾರುವಾಗ ಬಾಯಲ್ಲಿ ಮಾಡಿದ ಲೆಕ್ಕ ನೂರಕ್ಕೆ 98ರಷ್ಟು ಸರಿ. ಅದೇ ಅಂಕಿಗಳನ್ನು ಬರೀ ಲೆಕ್ಕವಾಗಿ ಕಾಗದದ ಮೇಲೆ ಕೊಟ್ಟಾಗ ಸರಿಯುತ್ತರ ನೂರಕ್ಕೆ 37ಕ್ಕೆ ಇಳಿಯಿತು. ಆ ಅಧ್ಯಯನದಲ್ಲಿದ್ದ ಮಕ್ಕಳು ಐದೇ ಜನ ಎಂದು ಯಾರಾದರೂ ತಳ್ಳಿಹಾಕಬಹುದಿತ್ತು. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಮಿಕ್ಕ ಮಕ್ಕಳನ್ನು ನೋಡಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದೂ ಅದನ್ನೇ. ಅಂಗಡಿಯಲ್ಲಿ ಚುರುಕಾಗಿ ಲೆಕ್ಕ ಹಾಕುವ ಮಕ್ಕಳು ಪುಸ್ತಕದ ಭಾಗಾಕಾರಕ್ಕೆ ತಡವರಿಸಿದರು, ಪುಸ್ತಕದ ಲೆಕ್ಕ ಬಲ್ಲ ಶಾಲೆಯ ಮಕ್ಕಳು ಸಂತೆಯ ಲೆಕ್ಕಕ್ಕೆ ತಬ್ಬಿಬ್ಬಾದರು. ಒಂದು ಕಡೆ ಕಲಿತದ್ದು ತಾನಾಗಿ ಇನ್ನೊಂದು ಕಡೆಗೆ ದಾಟುವುದಿಲ್ಲ. ಬದುಕು ಕಲಿಸುತ್ತದೆ, ನಿಜ. ಆದರೆ ಐದನೇ ತರಗತಿಯ ಪರೀಕ್ಷೆಗೆ ಕಲಿಸುವುದಿಲ್ಲ. ನಮ್ಮ ಹಳ್ಳಿಯ ಮಕ್ಕಳನ್ನು ಮುಂದಿನ ಬಾಗಿಲುಗಳಲ್ಲಿ ತಡೆಯುವುದು ಅಂಥ ಪರೀಕ್ಷೆಗಳೇ.

ಹಾಗಾದರೆ ದಾಟಿಸುವವರು ಯಾರು? ಸೇಡಂ ಸಂತೆಯಲ್ಲಿ ಒಂದು ವ್ಯಾಪಾರ ನೋಡಿ. ಉಳ್ಳಾಗಡ್ಡಿ ಕಿಲೋಗೆ 36 ರೂಪಾಯಿ, ತಾಯಿಗೆ ಬೇಕಾದದ್ದು ಸವಾ ಕಿಲೋ. ಆಕೆ ಶಾಲೆಗೆ ಹೋದವಳಲ್ಲ, ಆದರೂ ತಕ್ಕಡಿ ಇಳಿಯುವ ಮೊದಲೇ 45 ಎಣಿಸಿ ಇಟ್ಟಿರುತ್ತಾಳೆ. ಹೇಗೆ ಎಂದು ಕೇಳಿದರೆ ‘ಮೂವತ್ತಾರರ ಅರ್ಧ ಹದಿನೆಂಟು, ಅದರ ಅರ್ಧ ಒಂಬತ್ತು, ಅದನ್ನ ಮೂವತ್ತಾರಕ್ಕ ಕೂಡ್ಸಿದ್ರ ಆತಲ್ಲ’ ಎನ್ನುತ್ತಾಳೆ. ಪಕ್ಕದಲ್ಲಿ ನಿಂತ ಮಗಳು ನಾಲ್ಕನೇ ತರಗತಿ. ಅವಳ ಪುಸ್ತಕದಲ್ಲಿ ಕಾಲು ಭಾಗವೆಂದರೆ ಬಣ್ಣ ತುಂಬಿದ ರೊಟ್ಟಿಯ ಚಿತ್ರ. ಸವಾ ಎಂದರೆ ಒಂದೂ ಕಾಲು, ಅಂದರೆ ನಾಲ್ಕರಲ್ಲಿ ಐದು ಭಾಗ ಎಂದು ಅವಳಿಗೆ ಯಾರೂ ಹೇಳಿಲ್ಲ. ಪಾವ್, ಸವಾ, ದೀಡ, ಅಡೀಚ ಇವೆಲ್ಲ ಸಂತೆಯ ಮಾತುಗಳಾಗಿಯೂ ಭಿನ್ನರಾಶಿ ಶಾಲೆಯ ಮಾತಾಗಿಯೂ ಅವಳ ತಲೆಯಲ್ಲಿ ಬೇರೆ ಬೇರೆ ಮೂಲೆಯಲ್ಲಿ ಕೂತಿರುತ್ತವೆ.

ಇಲ್ಲಿ ಬೇಕಾದ ಕೆಲಸ ಅರ್ಧ ಪುಟದ್ದು. ಮನೆಗೆ ಬಂದ ಮೇಲೆ ಮಗಳು ಒಂದು ವಹಿಯಲ್ಲಿ ಆವತ್ತಿನ ಸಂತೆ ಬರೆಯಬೇಕು. ಎಡಗಡೆ ಅವ್ವ ಹೇಳಿದ ದಾರಿ, ಅವಳ ಮಾತಿನಲ್ಲೇ: 36, 18, 9, 45. ಬಲಗಡೆ ಶಾಲೆಯ ದಾರಿ: 36ನ್ನು 5ರಿಂದ ಗುಣಿಸಿ 180, ಅದನ್ನು 4ರಿಂದ ಭಾಗಿಸಿ 45. ಎರಡೂ ಒಂದೇ ಕಡೆ ಬಂದು ನಿಂತರೆ ಸರಿ. ನಿಲ್ಲದಿದ್ದರೆ ಎಲ್ಲಿ ತಪ್ಪಿತೆಂದು ಇಬ್ಬರೂ ಹುಡುಕಬೇಕು. ತಾಯಿಗೆ ಓದು ಬರಬೇಕಾಗಿಲ್ಲ, ತನ್ನ ಲೆಕ್ಕವನ್ನು ಬಾಯಿಬಿಟ್ಟು ಹೇಳಿದರೆ ಸಾಕು. ‘ನಮಗೇನ್ ಬರ್ತದ್ರೀ ಕಲಸ್ಲಾಕ’ ಎಂದು ಹಿಂದೆ ಸರಿಯುವ ತಾಯಂದಿರಿಗೆ ನಾನು ಹೇಳಬಯಸುವುದು ಇದನ್ನೇ: ಮಗಳು ಬರೆದುಕೊಳ್ಳಬೇಕಾದ ಪಾಠ ನಿಮ್ಮ ಬಾಯಲ್ಲಿದೆ. ಬಣ್ಣದ ಅಕ್ಕಿಯ ಚಟುವಟಿಕೆ ಈ ತಾಯಿಯನ್ನು ಸಹಾಯಕಿ ಮಾಡುತ್ತದೆ. ಸಂತೆಯ ವಹಿ ಅವಳನ್ನು ಗುರುವಿನ ಜಾಗದಲ್ಲಿ ಕೂರಿಸುತ್ತದೆ.

ಇದು ಹೊಸ ಯೋಚನೆಯೂ ಅಲ್ಲ, ಹೊರಗಿನದೂ ಅಲ್ಲ. ಇದೇ ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ದಂಡೆಯ ಊರು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಸಂಗೀತ, ವೈದ್ಯ, ಮನೆ ಕಟ್ಟುವ ವಿದ್ಯೆಗಳ ಜೊತೆ ಅಡುಗೆಗೂ ಗಣಿತ ಬೇಕೆಂದು ಅವನು ಆರಂಭದಲ್ಲೇ ಹೇಳುತ್ತಾನೆ. ಕೃತಿಯ ಕಟ್ಟಡವನ್ನು ಗಮನಿಸಬೇಕು. ಮೊದಲು ಸೂತ್ರ, ಹಿಂದೆಯೇ ಹಣ್ಣು, ಹೂವು, ದುಂಬಿ, ಮುತ್ತಿನ ಸರ, ಬಡ್ಡಿ ಸಾಲದ ಉದಾಹರಣೆ. ಸೂತ್ರ ಒಂದು ಕಡೆ, ಬದುಕು ಇನ್ನೊಂದು ಕಡೆ ಎಂದು ಅವನು ಬಿಡಲಿಲ್ಲ, ಒಂದನ್ನು ಇನ್ನೊಂದರ ಪಕ್ಕದಲ್ಲೇ ಇಟ್ಟ. ಅದನ್ನೇ ಈಗ ನಾಲ್ಕನೇ ತರಗತಿಯ ಮಗಳ ವಹಿಯಲ್ಲಿ ಮಾಡಿ ಎಂದರೆ ಅತಿಯಾಸೆಯಾಗಲಾರದು.

ಸ್ವಲ್ಪ ದೊಡ್ಡ ಮಕ್ಕಳಿಗೆ ತೊಗರಿಗಿಂತ ಒಳ್ಳೆಯ ವಿಷಯ ಈ ಭಾಗದಲ್ಲಿ ಸಿಗದು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ ಎಂಬುದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬರುತ್ತದೆ. ಪುಸ್ತಕದಲ್ಲಿ ಬರದ ಪ್ರಶ್ನೆ ಒಂದಿದೆ: ನಮ್ಮ ಹೊಲದಿಂದ ಹೋದ ತೊಗರಿ ಅಂಗಡಿಯಿಂದ ಬೇಳೆಯಾಗಿ ಹೊಳ್ಳಿ ಬರುವಾಗ ಯಾಕೆ ಅಷ್ಟು ತುಟ್ಟಿ? ಕೇಂದ್ರ ಸರ್ಕಾರ 2025-26ಕ್ಕೆ ತೊಗರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ, ಅಂದರೆ ಕಿಲೋಗೆ 80. ಮನೆಯಲ್ಲಿ ಬೀಸುಕಲ್ಲಿದ್ದರೆ ಒಂದು ಕಿಲೋ ತೂಗಿ, ನೆನೆಸಿ, ಒಣಗಿಸಿ, ಒಡೆದು, ಮೊರದಲ್ಲಿ ಕೇರಿ, ಬೇಳೆ-ನುಚ್ಚು-ಹೊಟ್ಟನ್ನು ಬೇರೆ ಬೇರೆ ತೂಗಿಸಿ. ಗಿರಣಿಯಲ್ಲಿ ಸಾಮಾನ್ಯವಾಗಿ ನೂರು ಕಿಲೋಗೆ ಎಪ್ಪತ್ತರಿಂದ ಎಪ್ಪತ್ತೈದು ಕಿಲೋ ಬೇಳೆ ಬರುತ್ತದೆ, ಮನೆಯಲ್ಲಿ ಇನ್ನೂ ಕಡಿಮೆ ಬರಬಹುದು. ಎಪ್ಪತ್ತೈದು ಎಂದೇ ಹಿಡಿದರೂ ಒಂದು ಕಿಲೋ ಬೇಳೆಯೊಳಗೆ ತೊಗರಿಯ ಬೆಲೆಯೇ 107 ರೂಪಾಯಿಯ ಹತ್ತಿರ ಬರುತ್ತದೆ. ಅದರ ಮೇಲೆ ಗಿರಣಿ ಖರ್ಚು, ಸಾಗಾಟ, ವ್ಯಾಪಾರಿಯ ಲಾಭ. ಹೊಟ್ಟು, ನುಚ್ಚು ದನದ ಮೇವಿಗೆ ಮಾರಿ ಬಂದದ್ದನ್ನು ಕಳೆಯಬೇಕು. ಎಲ್ಲ ಹಾಕಿ ನೋಡಿದ ಮೇಲೂ ಅಂಗಡಿ ದರದಲ್ಲಿ ಒಂದಿಷ್ಟು ಲೆಕ್ಕಕ್ಕೆ ಸಿಗದೆ ಉಳಿದರೆ, ಅದು ಯಾರ ಜೇಬಿಗೆ ಹೋಯಿತೆಂದು ಮಗು ಕೇಳುತ್ತದೆ. ಉತ್ತರ ಕೊಡುವುದು ದೊಡ್ಡವರಿಗೂ ಸುಲಭವಲ್ಲ. ಅಂಥ ಪ್ರಶ್ನೆ ಮಗುವಿನ ಬಾಯಿಂದ ಬರುವಷ್ಟು ಒಳ್ಳೆಯದು ಯಾವ ಕ್ರಾಫ್ಟ್ ಕಿಟ್ಟಿನಿಂದಲೂ ಬಾರದು.

ನನ್ನ ವಾದದ ವಿರುದ್ಧ ಗಟ್ಟಿಯಾದ ಆಕ್ಷೇಪ ಒಂದಿದೆ, ಅದನ್ನು ಹಗುರವಾಗಿ ದಾಟುವಂತಿಲ್ಲ. ‘ಮಗುವಿಗೆ ನಿಜವಾದ ಕೆಲಸ ಕೊಡಿ’ ಎಂಬ ಮಾತು ಫರ್ಸಿ ಖಣಿಗಳ, ತೊಗರಿ ಹೊಲಗಳ ನಾಡಿನಲ್ಲಿ ಎಲ್ಲಿಗೆ ಹೋಗಿ ಮುಟ್ಟಬಹುದು? 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾನೂನು ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಿ, ಮನೆಯವರಿಗೆ ಶಾಲೆಯ ಸಮಯದ ಆಚೆ, ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ನೆರವಾಗಲು ಬಿಟ್ಟಿದೆ. ಆ ಬಿಡುವು ದುರುಪಯೋಗವಾಗುವುದಿಲ್ಲ ಎಂದು ಯಾರೂ ಎದೆ ಮುಟ್ಟಿ ಹೇಳಲಾರರು. ಡಿಸೆಂಬರ್-ಜನವರಿಯ ತೊಗರಿ ಕೊಯ್ಲಿನಲ್ಲಿ ಎಷ್ಟೋ ಸರ್ಕಾರಿ ಶಾಲೆಗಳ ಹಿಂದಿನ ಬೆಂಚು ಖಾಲಿಯಾಗುವುದನ್ನು ಶಿಕ್ಷಕರು ಬಲ್ಲರು.

ನಾನು ಗೆರೆ ಎಳೆಯುವುದು ಹೀಗೆ. ಮಗುವಿನ ಕೈಗೆ ಬರಬೇಕಾದದ್ದು ಕೆಲಸದ ಲೆಕ್ಕ, ಕೆಲಸದ ಭಾರವಲ್ಲ. ಒಂದು ಕಿಲೋ ತೊಗರಿ ಒಡೆಯುವುದು ಪ್ರಯೋಗ, ಒಂದು ಚೀಲ ಒಡೆಸಿದರೆ ಅದು ಕೂಲಿ. ತಿಳಿಯಬೇಕಾದದ್ದು ತಿಳಿದ ಮೇಲೂ ಮಗು ಅದೇ ಕೆಲಸ ಮಾಡುತ್ತಿದ್ದರೆ ಅದು ಕಲಿಕೆಯಲ್ಲ ಎಂದು ಹಿರಿಯರು ಒಪ್ಪಿಕೊಳ್ಳಬೇಕು. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕಡೆಯಂತೂ ಮಗುವಿನ ಮೂಗಿಗೆ ಆ ಧೂಳು ಸೋಕಲೇಬಾರದು, ಅಲ್ಲಿ ‘ಕಲಿಕೆ’ ಎಂಬ ನೆಪವೂ ಬೇಡ.

ಇನ್ನೊಂದು ಆಕ್ಷೇಪ ಮನೆಯೊಳಗಿನದು. ಮನೆಗೆಲಸದಿಂದ ಕಲಿಕೆ ಎಂದ ಕೂಡಲೇ ಅದು ಹೆಣ್ಣುಮಕ್ಕಳ ಪಾಲಿಗೆ ಬೀಳುತ್ತದೆ. ಅಕ್ಕ ರೊಟ್ಟಿ ಬಡಿಯುತ್ತಾ ‘ವಿಜ್ಞಾನ’ ಕಲಿಯುತ್ತಾಳೆ, ತಮ್ಮ ಮೊಬೈಲು ನೋಡುತ್ತಾ ‘ತಂತ್ರಜ್ಞಾನ’ ಕಲಿಯುತ್ತಾನೆ. ಇದಕ್ಕೆ ಸರಳ ಮದ್ದು ಪಾತ್ರ ಬದಲಿಸುವುದು: ಮೊರ ತಮ್ಮನ ಕೈಗೆ, ತಕ್ಕಡಿ ಮತ್ತು ವಹಿ ಅಕ್ಕನ ಕೈಗೆ. ಎಲ್ಲ ಮನೆಯಲ್ಲೂ ಇದು ನಡೆಯುತ್ತದೆ ಎಂಬ ಭ್ರಮೆ ನನಗಿಲ್ಲ. ಅಜ್ಜಿಯೇ ಅಡ್ಡ ಬರುವ ಮನೆಗಳಿವೆ.

ಓದಿಸುವುದರಲ್ಲೂ ಇದೇ ನಿಯಮ ನಡೆಯುತ್ತದೆ. ಕಥೆಪುಸ್ತಕ ಇರಲಿ, ಚೆನ್ನಾಗಿರುತ್ತದೆ. ಪುಸ್ತಕವಿಲ್ಲದ ಮನೆಯಲ್ಲೂ ಓದಿಸಿಕೊಳ್ಳಲು ಬೇಕಾದದ್ದು ಬೇಕಷ್ಟಿದೆ: ಬೀಜದ ಪಾಕೀಟು, ವಿದ್ಯುತ್ ಬಿಲ್ಲು, ಲಗ್ನಪತ್ರಿಕೆ, ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾಯಿತೋ ಇಲ್ಲವೋ ಎಂದು ಬ್ಯಾಂಕಿನಿಂದ ಬರುವ ಸಂದೇಶ. ಅಜ್ಜಿಗೆ ಅದನ್ನು ಓದಿ ಹೇಳುವ ಮೂರನೇ ತರಗತಿಯ ಮಗುವಿಗೆ ಓದು ಯಾಕೆ ಬೇಕು ಎಂದು ಯಾರೂ ವಿವರಿಸಬೇಕಿಲ್ಲ. ಸೇಡಂ, ಚಿಂಚೋಳಿ ತೆಲಂಗಾಣದ ಗಡಿಗೆ ಅಂಟಿದ ತಾಲೂಕುಗಳು. ತೆಲುಗು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ಎಷ್ಟೋ ಜನ ಕನ್ನಡ ಶಾಲೆಯಲ್ಲಿ ಕೂತಿರುತ್ತಾರೆ. ತಾಂಡಾದ ಹುಡುಗಿ ಕನ್ನಡದ ಪತ್ರವನ್ನು ಓದಿ ಅಮ್ಮನಿಗೆ ಲಂಬಾಣಿಯಲ್ಲಿ ಅರ್ಥ ಹೇಳುವಾಗ ಅವಳು ಮಾಡುವ ಕೆಲಸ ಪಟ್ಟಣದ ಎಷ್ಟೋ ಮಕ್ಕಳ ಕೈಲಿ ಆಗದ್ದು. ಮನೆಯಲ್ಲಿ ಕನ್ನಡವನ್ನೇ ಮಾತಾಡಿ ಎಂದು ಆ ತಾಯಿಗೆ ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ಶಾಲೆಯವರಿಗೆ ಒಂದು ಬಿನ್ನಹ. ತಿಂಗಳಿಗೊಂದು ಶನಿವಾರ ಬ್ಯಾಗಿಲ್ಲದ ದಿನ, ‘ಸಂಭ್ರಮ ಶನಿವಾರ’ ಎಂದು ಇಲಾಖೆ ನಡೆಸಿಕೊಂಡು ಬಂದಿದೆ. ಆ ದಿನವೂ ಹೊರಗಿನಿಂದ ಚಟುವಟಿಕೆ ತಂದು ಮಾಡಿಸುವ ಬದಲು, ಮಕ್ಕಳು ಮನೆಯಿಂದ ಸಂತೆಯ ವಹಿ ತರಲಿ. ಒಬ್ಬಳ ಅವ್ವ ಸವಾ ಕಿಲೋ ಲೆಕ್ಕ ಹಾಕಿದ ದಾರಿ, ಇನ್ನೊಬ್ಬನ ಅಪ್ಪ ಹಾಕಿದ ದಾರಿ ಎರಡನ್ನೂ ಬೋರ್ಡಿನ ಮೇಲೆ ಬರೆದು, ಪಾಠಪುಸ್ತಕದ ದಾರಿಯ ಪಕ್ಕ ಇಟ್ಟು ನೋಡಲಿ. ಇದಕ್ಕೆ ಅನುದಾನ ಬೇಡ, ತರಬೇತಿ ಶಿಬಿರ ಬೇಡ. ಮನೆಯಲ್ಲಿ ಬರೆದ ಲೆಕ್ಕಕ್ಕೆ ಶಾಲೆಯಲ್ಲಿ ಬೆಲೆ ಇದೆ ಎಂದು ಗೊತ್ತಾದ ಮೇಲೆ ಮುಂದಿನ ವಾರದ ವಹಿ ಬರೆಸಲು ಯಾವ ತಾಯಿಯೂ ಮಗುವನ್ನು ಅಟ್ಟಿಸಿಕೊಂಡು ಹೋಗಬೇಕಾಗುವುದಿಲ್ಲ. ಒಂದೇ ಒಂದು ಮುನ್ನೆಚ್ಚರಿಕೆ: ಆ ವಹಿಗೆ ಶಿಕ್ಷಕರು ಅಂಕ ಕೊಡಬಾರದು, ಕೊಟ್ಟ ಮರುದಿನವೇ ಅಪ್ಪಂದಿರು ಅದನ್ನು ತಾವೇ ಬರೆದು ಕಳಿಸಲು ಶುರುಮಾಡುತ್ತಾರೆ.